ಒಂದು ಹಿಡಿ ಬೂದಿಯ ಸಾಕ್ಷ್ಯ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ ಪಂಡಿತರಾದವರು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ಹಿಂದಿನ ವರ್ಷಗಳಲ್ಲಿ ನಾವೂ ಆ ವಾಡಿಕೆಯನ್ನು ಮೀರಿದವರಲ್ಲ. ಈ ಸಲ ಮಾತ್ರ ಬೂದಿಯ ವಿಷಯವಾಗಿ ಮಾತನಾಡಲು ಅಪ್ಪಣೆ ಬೇಡಿದೆವು. ಇದು ಯಜ್ಞಕುಂಡದ ಬೂದಿಯಲ್ಲ, ಒಲೆಯ ಬೂದಿಯೂ ಅಲ್ಲ. ಆಕಾಶದಿಂದ ಬಿದ್ದು, ಬಡ ಬೆಸ್ತರ ಮೈಯನ್ನು ಸುಟ್ಟು, ಕೊನೆಗೆ ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ತನ್ನ ಹುಟ್ಟನ್ನು ತಾನೇ ಹೇಳಿದ ಬೂದಿ. ಕಾರ್ಯದರ್ಶಿಗಳು ವಿಷಯವನ್ನು ಕೇಳಿ ತುಸು ಹೊತ್ತು ಸುಮ್ಮನಿದ್ದು, “ಆಗಲಿ, ಆದರೆ ಮನೆಮಂದಿಗೆಲ್ಲ ತಿಳಿಯುವಂತಿರಲಿ” ಎಂದರು. ಆ ನಿಬಂಧನೆಗೆ ಒಪ್ಪಿ ತಮ್ಮ ಮುಂದೆ ನಿಂತಿದ್ದೇವೆ.

ಈ ಮಾತಿಗೆ ಮೂಲ ಕಾರಣಳಾದವಳು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ. ಕೇರಳದ ಶಾಲೆಗಳಲ್ಲಿ ಆಗಸ್ಟ್ ೬ ಮತ್ತು ೯ರಂದು ಹಿರೋಶಿಮಾ, ನಾಗಸಾಕಿಗಳ ದಿನಗಳನ್ನು ಆಚರಿಸುವ ಪದ್ಧತಿಯಿದೆಯಷ್ಟೆ. ಮಕ್ಕಳು ಕಾಗದದ ಕೊಕ್ಕರೆಗಳನ್ನು ಮಡಚುತ್ತಾರೆ, ನಾವು ಶಾಂತಿಯ ವಿಷಯವಾಗಿ ಉಪದೇಶ ಮಾಡುತ್ತೇವೆ. ಅಂತಹ ಒಂದು ದಿನ, ಬಾಂಬಿನ ಧೂಳಿಯು ಗಾಳಿಯಲ್ಲಿ ಬಹುದೂರ ಸಾಗುತ್ತದೆಂದು ನಾವು ಹೇಳುತ್ತಿರುವಾಗ ಆ ಹುಡುಗಿ ಎದ್ದು ನಿಂತು, “ಮಾಸ್ಟ್ರೇ, ಧೂಳು ಎಲ್ಲಾ ಕಡೆಯೂ ಉಂಟಲ್ಲ? ಇದು ಬಾಂಬಿನ ಧೂಳು, ಇದು ಮಾರ್ಗದ ಧೂಳು ಎಂದು ಹೇಳುವುದು ಹೇಗೆ?” ಎಂದು ಕೇಳಿದಳು. ಸಂಧಿ ಸಮಾಸಗಳ ಪ್ರಶ್ನೆಯಾಗಿದ್ದರೆ ಕೂಡಲೇ ಉತ್ತರ ಕೊಡುತ್ತಿದ್ದೆವು. ಈ ಪ್ರಶ್ನೆಯ ಮುಂದೆ ನಾವು ನಿರುತ್ತರರಾದೆವು. ಆ ಬಳಿಕ ವಿಜ್ಞಾನದ ಅಧ್ಯಾಪಕರನ್ನು ಕೇಳಿ, ದೊರೆತ ಪುಸ್ತಕಗಳನ್ನು ಓದಿ, ಅರ್ಥವಾಗದುದನ್ನು ಮತ್ತೆ ಮತ್ತೆ ಓದಿ ತಿಳಿದುಕೊಂಡುದನ್ನೇ ಇಂದು ನಿವೇದಿಸುತ್ತಿದ್ದೇವೆ.

ಕಣವೆಂಬ ಮಾತು ನಮಗೆ ಹೊಸದಲ್ಲ. ಗವಾಕ್ಷಿಯಿಂದ ಒಳಗೆ ಬೀಳುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿಯ ಕಣಕ್ಕೆ ನಮ್ಮ ಪೂರ್ವಿಕರು ‘ತ್ರಸರೇಣು’ವೆಂದು ಹೆಸರಿಟ್ಟರು. ವೈಶೇಷಿಕರು ಇನ್ನೂ ಮುಂದೆ ಹೋಗಿ, ಒಡೆಯಲಾಗದ ಕಟ್ಟಕಡೆಯ ಕಣವನ್ನು ‘ಪರಮಾಣು’ವೆಂದು ಊಹಿಸಿದರು. ಆದರೆ ಅದು ತರ್ಕದಿಂದ ಕಂಡ ಕಣ. ಅದನ್ನು ಹಿಡಿದು, ತೂಗಿ, ಹೆಸರು ಹೇಳಿ ಕರೆಯುವ ವಿದ್ಯೆಯು ಈಚಿನದು. ಆ ವಿದ್ಯೆಯ ಬೆಲೆ ಎಷ್ಟೆಂಬುದು ಲೋಕಕ್ಕೆ ತಿಳಿದುಬಂದುದು ಒಂದು ಮೀನುಗಾರರ ಹಡಗಿನಿಂದ. ಆ ಕಥೆಯನ್ನು ಮೊದಲು ಹೇಳುತ್ತೇವೆ.

೧೯೫೪ನೆಯ ಇಸವಿ ಮಾರ್ಚ್ ೧ನೆಯ ತಾರೀಖು. ಪೆಸಿಫಿಕ್ ಮಹಾಸಾಗರದ ಮಾರ್ಷಲ್ ದ್ವೀಪಸಮೂಹದಲ್ಲಿ ಬಿಕಿನಿಯೆಂಬ ಹವಳದ ದ್ವೀಪವಲಯವೊಂದಿದೆ. ಅಲ್ಲಿ ಅಮೇರಿಕೆಯವರು ಅಂದು ಮುಂಜಾವದಲ್ಲಿ ‘ಬ್ರಾವೊ’ ಎಂಬ ಹೆಸರಿನ ಜಲಜನಕ ಬಾಂಬಿನ ಪರೀಕ್ಷೆಯನ್ನು ನಡೆಸಿದರು. ಅದರ ಶಕ್ತಿ ಸುಮಾರು ೬೦ ಲಕ್ಷ ಟನ್ನು ಟಿ.ಎನ್.ಟಿ. ಸಿಡಿಮದ್ದಿಗೆ ಸಮನಾಗಿರುವುದೆಂದು ತಯಾರಿಸಿದವರ ಅಂದಾಜು. ಸಿಡಿದದ್ದು ೧೫೦ ಲಕ್ಷ ಟನ್ನಿನ ಬಲದಿಂದ. ಹಿರೋಶಿಮಾದ ಬಾಂಬಿಗಿಂತ ಇದು ಸುಮಾರು ಸಾವಿರ ಮಡಿ. ದ್ವೀಪದ ಹವಳದ ಕಲ್ಲು ಪುಡಿಯಾಗಿ, ಕಾದು, ಬಾಂಬಿನ ಅವಶೇಷಗಳೊಡನೆ ಬೆರೆತು ಮುಗಿಲಿಗೇರಿತು.

ಆ ಹೊತ್ತಿನಲ್ಲಿ ಬಿಕಿನಿಯಿಂದ ಪೂರ್ವಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿ, ಎಂದರೆ ನಮ್ಮ ಕಾಸರಗೋಡಿನಿಂದ ಕುಂದಾಪುರದ ಆಚೆಗಿನಷ್ಟು ದೂರದಲ್ಲಿ, ಜಪಾನಿನ ಒಂದು ಹಡಗು ಟ್ಯೂನಾ ಮೀನನ್ನು ಹಿಡಿಯುತ್ತಿತ್ತು. ಯೈಜು ಎಂಬ ಬಂದರಿನ ಆ ಹಡಗಿನ ಹೆಸರು ‘ದೈಗೊ ಫುಕುರ್ಯು ಮಾರು’. ‘ಐದನೆಯ ಭಾಗ್ಯಶಾಲಿ ಡ್ರ್ಯಾಗನ್’ ಎಂದು ಅದರ ಅರ್ಥ. ಅದರಲ್ಲಿ ೨೩ ಮಂದಿ ಇದ್ದರು. ಅವರು ಪಡುವಣ ದಿಕ್ಕಿನಲ್ಲಿ ಸೂರ್ಯನು ಹುಟ್ಟಿದಂತಹ ಬೆಳಕನ್ನು ಕಂಡರು. ಕೆಲವು ನಿಮಿಷಗಳ ಬಳಿಕ ಗುಡುಗಿನಂತಹ ಸದ್ದನ್ನು ಕೇಳಿದರು. ಕೆಲವು ಗಂಟೆಗಳು ಕಳೆದ ಮೇಲೆ ಬಿಳಿಯ ಬೂದಿಯು ಉದುರತೊಡಗಿತು. ಹಡಗಿನ ಮೇಲೆ ಹೆಜ್ಜೆಯ ಗುರುತು ಮೂಡುವಷ್ಟು ಬಿದ್ದಿತು. ಅವರು ಸಮುದ್ರದಲ್ಲಿ ಬಿಟ್ಟಿದ್ದ ಗಾಳದ ಹಗ್ಗಗಳನ್ನು ಆ ಬೂದಿಯ ಮಳೆಯಲ್ಲೇ ಎಳೆದುಕೊಂಡರು. ಏನಿದೆಂದು ನಾಲಿಗೆಗೆ ಸೋಕಿಸಿ ನೋಡಿದವರೂ ಇದ್ದರು. ಬಳಿಕ ಹೊಟ್ಟೆ ತೊಳಸಿತು, ಮೈಮೇಲೆ ಬೊಬ್ಬೆಗಳೆದ್ದವು, ತಲೆಗೂದಲು ಉದುರಿತು. ಮಾರ್ಚ್ ೧೪ರಂದು ಹಡಗು ಯೈಜುವನ್ನು ಸೇರಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪರೀಕ್ಷೆಗೆ ಮುಂಚೆ ಅಮೇರಿಕೆಯವರು ಭೂಪಟದಲ್ಲಿ ಗೆರೆ ಎಳೆದು, ಇದರೊಳಗೆ ಬರುವುದು ಅಪಾಯಕರವೆಂದು ಸಾರಿದ್ದರು. ಹಡಗು ಆ ಗೆರೆಯ ಹೊರಗಿತ್ತು. ಆದರೂ ಅಮೇರಿಕೆಯ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಲೂಯಿಸ್ ಸ್ಟ್ರಾಸ್ ಅವರು, ಅದು ಅಪಾಯವಲಯದ ಒಳಗೇ ಇದ್ದಿರಬೇಕೆಂದು ಬಹಿರಂಗವಾಗಿ ಹೇಳಿದರು. ಭೂಪಟದ ಮೇಲಿನ ಗೆರೆಯೊಂದು ಮನುಷ್ಯರ ಬಾಳಿನಲ್ಲಿ ಏನೇನು ಮಾಡಬಲ್ಲದೆಂಬುದನ್ನು ೧೯೫೬ನೆಯ ನವೆಂಬರ್ ೧ರಿಂದೀಚೆಗೆ ಗಡಿನಾಡಿನವರಾದ ನಾವು ಬಲ್ಲೆವು. ಆದರೆ ಬೂದಿಗೆ ಗೆರೆಯೆಂಬುದು ತಿಳಿಯದು. ಅದು ಗಾಳಿ ಕೊಂಡೊಯ್ದ ಕಡೆಗೆ ಹೋಯಿತು.

ಜಪಾನಿನ ವೈದ್ಯರ ಮುಂದೆ ೨೩ ಮಂದಿ ರೋಗಿಗಳಿದ್ದರು. ಆ ಬೂದಿಯಲ್ಲಿ ಏನಿದೆಯೆಂದು ತಿಳಿಯದೆ ಚಿಕಿತ್ಸೆಯನ್ನು ನಿರ್ಧರಿಸುವುದೆಂತು? ಬಾಂಬಿನ ರಚನೆಯು ಯುದ್ಧರಹಸ್ಯವಾದುದರಿಂದ ಅದರ ವಿವರ ದೊರೆಯಲಿಲ್ಲ. ಹೀಗಿರಲು ಉಳಿದಿದ್ದ ಮಾರ್ಗ ಒಂದೇ, ಬೂದಿಯನ್ನೇ ಕೇಳುವುದು. ಹಡಗಿನಿಂದ ಕೂಡಿಸಿದ ಬೂದಿಯು ಟೋಕಿಯೋ, ಶಿಜುವೋಕಾ, ಒಸಾಕಾ ಮೊದಲಾದೆಡೆಗಳ ವಿದ್ವಾಂಸರ ಕೈಸೇರಿತು. ಒಸಾಕಾದ ಯಸುಶಿ ನಿಶಿವಾಕಿ ಎಂಬ ವಿಜ್ಞಾನಿಗಳು ಗೈಗರ್ ಮಾಪಕವನ್ನು ಹಿಡಿದುಕೊಂಡು ಯೈಜುವಿಗೇ ಧಾವಿಸಿದರು. ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಾದ ಕೆಂಜಿರೊ ಕಿಮುರಾ ಅವರ ತಂಡವು ಹಗಲಿರುಳೆನ್ನದೆ ವಿಶ್ಲೇಷಣೆಗೆ ತೊಡಗಿತು.

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಬಾಂಬಿನ ಧೂಳನ್ನು ಗುರುತಿಸುವುದು ಹೇಗೆ?

ಮೊದಲನೆಯ ಹೆಜ್ಜೆ, ವಿಕಿರಣವಿದೆಯೇ ಇಲ್ಲವೇ ಎಂದು ನೋಡುವುದು. ಕೆಲವು ಪರಮಾಣುಗಳು ಸ್ಥಿರವಲ್ಲ. ತಾವಾಗಿಯೇ ಒಡೆದು ಬೇರೊಂದಾಗುತ್ತವೆ, ಆಗ ಕಿರಣಗಳನ್ನು ಹೊರಸೂಸುತ್ತವೆ. ಗೈಗರ್ ಮಾಪಕವು ಅಂತಹ ಕಿರಣವೊಂದು ಹಾದುಹೋದಾಗಲೆಲ್ಲ ‘ಟಿಕ್’ ಎನ್ನುತ್ತದೆ. ಆದರೆ ಅದು ಬಾಗಿಲಲ್ಲಿ ಬೊಗಳುವ ನಾಯಿಯಂತೆ. ಯಾರೋ ಬಂದಿದ್ದಾರೆಂದು ಹೇಳೀತು. ಬಂದವರು ಯಾರು, ಯಾವ ಊರಿನವರು ಎಂದು ಹೇಳಲಾರದು.

ಎರಡನೆಯದು, ಕಣವನ್ನು ಹುಡುಕಿ ಬೇರ್ಪಡಿಸುವುದು. ಒಂದು ಚಮಚ ಮಣ್ಣಿನಲ್ಲಿ ಲಕ್ಷ ಕಣಗಳಿದ್ದು, ಅವುಗಳಲ್ಲಿ ಒಂದೇ ಒಂದು ವಿಕಿರಣಶೀಲವೆಂದು ಭಾವಿಸಿರಿ. ಅಕ್ಕಿ ಆರಿಸುವಾಗ ಕಲ್ಲು ಕಣ್ಣಿಗೆ ಬೀಳುತ್ತದೆ. ಈ ಕಲ್ಲು ಬೀಳದು. ಆದುದರಿಂದ ಮಣ್ಣನ್ನು ಎರಡು ಪಾಲು ಮಾಡಿ ಎರಡನ್ನೂ ಮಾಪಕಕ್ಕೆ ಹಿಡಿಯುತ್ತಾರೆ. ಸದ್ದು ಬಂದ ಪಾಲನ್ನು ಇಟ್ಟುಕೊಂಡು ಮತ್ತೆ ಎರಡು ಮಾಡುತ್ತಾರೆ. ಹೀಗೆ ೧೭ ಸಲ ಪಾಲು ಮಾಡಿದರೆ ಲಕ್ಷದಲ್ಲಿ ಒಂದು ಕಣ ಸಿಕ್ಕಿಬೀಳುತ್ತದೆ. ಮಕ್ಕಳು ಮನೆಗೆ ಹೋಗಿ ಲೆಕ್ಕ ಮಾಡಿ ನೋಡಲಿ. ಇನ್ನೊಂದು ಉಪಾಯವೂ ಉಂಟು. ಪುಡಿಯನ್ನು ತೆಳ್ಳಗೆ ಹರಡಿ, ಕತ್ತಲೆಯಲ್ಲಿ ಛಾಯಾಚಿತ್ರದ ಫಿಲ್ಮಿನ ಮೇಲಿಡುತ್ತಾರೆ. ವಿಕಿರಣಶೀಲ ಕಣವಿದ್ದಲ್ಲಿ ಫಿಲ್ಮಿನಲ್ಲಿ ಕರಿಯ ಚುಕ್ಕೆ ಮೂಡುತ್ತದೆ. ತನ್ನ ಚಿತ್ರವನ್ನು ಕಣವು ತಾನೇ ಬರೆದುಕೊಡುತ್ತದೆ.

ಮೂರನೆಯದು, ಕಣದೊಳಗಿನ ಧಾತುಗಳನ್ನು ಒಂದೊಂದಾಗಿ ಬೇರ್ಪಡಿಸುವುದು. ಬೂದಿಯನ್ನು ಆಮ್ಲದಲ್ಲಿ ಕರಗಿಸಿದರೆ ಹತ್ತಾರು ಧಾತುಗಳು ಒಂದೇ ನೀರಿನಲ್ಲಿ ಕೂಡಿರುತ್ತವೆ. ಅವುಗಳ ಪ್ರಮಾಣವೋ ಅತ್ಯಲ್ಪ. ತಕ್ಕಡಿಗೆ ಸಿಗದು, ಕಣ್ಣಿಗೂ ಸಿಗದು. ಆಗ ರಸಾಯನಶಾಸ್ತ್ರಜ್ಞರು, ಉದಾಹರಣೆಗೆ ಸ್ಟ್ರಾಂಷಿಯಮನ್ನು ಹಿಡಿಯಬೇಕಾದರೆ, ಸಾಧಾರಣ ಸ್ಟ್ರಾಂಷಿಯಮನ್ನು ತೂಗಿ ಆ ನೀರಿಗೆ ಸೇರಿಸುತ್ತಾರೆ. ತಕ್ಕ ರಾಸಾಯನಿಕವನ್ನು ಹಾಕಿದಾಗ ಸಾಧಾರಣ ಸ್ಟ್ರಾಂಷಿಯಮ್ ಪ್ರಕ್ಷೇಪವಾಗಿ ತಳಕ್ಕಿಳಿಯುತ್ತದೆ, ಕಾಣದಷ್ಟಿದ್ದ ವಿಕಿರಣಶೀಲ ಸ್ಟ್ರಾಂಷಿಯಮೂ ಅದರ ಜತೆಯಲ್ಲೇ ಇಳಿಯುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗನು ತನ್ನ ಊರವರ ಗುಂಪನ್ನು ಕಂಡು ಅವರೊಡನೆ ಹೊರಟುಬರುವಂತೆ ಇದು. ಈ ಗುಂಪಿಗೆ ‘ವಾಹಕ’ವೆಂದು ಹೆಸರು.

ನಾಲ್ಕನೆಯದು, ಹೆಸರನ್ನು ಹೇಳುವುದು. ಇದಕ್ಕೆ ಮುಖ್ಯವಾದ ಗುರುತು ‘ಅರ್ಧಾಯು’. ಕಣಜದ ಭತ್ತವು ಪ್ರತಿ ವಾರವೂ ಇದ್ದುದರಲ್ಲಿ ಅರ್ಧದಷ್ಟು ತೀರುತ್ತದೆಂದು ಎಣಿಸಿಕೊಳ್ಳಿರಿ. ಮೊದಲ ವಾರಕ್ಕೆ ಅರ್ಧ, ಎರಡನೆಯದಕ್ಕೆ ಕಾಲು, ಮೂರನೆಯದಕ್ಕೆ ಎಂಟರಲ್ಲೊಂದು ಪಾಲು ಉಳಿಯುತ್ತದೆ. ವಿಕಿರಣಶೀಲ ಧಾತುಗಳು ತೀರುವುದೂ ಹೀಗೆಯೇ. ಆದರೆ ಒಂದೊಂದರ ಗಡುವು ಒಂದೊಂದು ಬಗೆ. ಅಯೋಡಿನ್-೧೩೧ಕ್ಕೆ ೮ ದಿನ. ಸೀಸಿಯಮ್-೧೩೭ಕ್ಕೆ ೩೦ ವರ್ಷ. ಸ್ಟ್ರಾಂಷಿಯಮ್-೯೦ಕ್ಕೆ ಸುಮಾರು ೨೯ ವರ್ಷ. ಬೆಂಕಿಯಾಗಲಿ ಆಮ್ಲವಾಗಲಿ ಈ ಗಡುವನ್ನು ಬದಲಿಸದು. ಪ್ರತಿದಿನವೂ ಎಣಿಸಿ, ಕ್ಷೀಣಿಸುವ ವೇಗವನ್ನು ಬರೆದಿಟ್ಟುಕೊಂಡರೆ ಹೆಸರು ಹೊರಬೀಳುತ್ತದೆ. ಈಗಿನ ಯಂತ್ರಗಳು ಗ್ಯಾಮಾ ಕಿರಣದ ಶಕ್ತಿಯನ್ನೇ ಅಳೆದು ಹಲವು ಹೆಸರುಗಳನ್ನು ಬೇಗನೆ ಹೇಳುತ್ತವೆ. ಆದರೂ ತಾಳ್ಮೆಯ ಕೆಲಸವು ತಪ್ಪಿದ್ದಲ್ಲ.

ಬಿಕಿನಿಯ ಬೂದಿಯನ್ನು ಹೀಗೆ ಬಿಡಿಸಿದಾಗ ಬಹುಭಾಗ ಹವಳದ ಸುಣ್ಣವೆಂದು ತಿಳಿಯಿತು. ಅದಕ್ಕಂಟಿಕೊಂಡು ಇಪ್ಪತ್ತಕ್ಕೂ ಮೇಲ್ಪಟ್ಟು ಬಗೆಯ ವಿಕಿರಣಶೀಲ ಪರಮಾಣುಗಳಿದ್ದವು. ಅವುಗಳಲ್ಲಿ ಸ್ಟ್ರಾಂಷಿಯಮ್ ಇತ್ತು. ಇದು ಗುಣದಲ್ಲಿ ಸುಣ್ಣದ ಧಾತುವಾದ ಕ್ಯಾಲ್ಸಿಯಮಿನ ದಾಯಾದಿಯಾದುದರಿಂದ ಮೈಯೊಳಗೆ ಸೇರಿದರೆ ಮೂಳೆಯಲ್ಲಿ ಮನೆಮಾಡುತ್ತದೆ. ವೈದ್ಯರಿಗೆ ತಿಳಿಯಬೇಕಾದುದು ಮೊದಲಾಗಿ ಇದೇ ಆಗಿತ್ತು.

ಬೂದಿಯು ಕೇಳದೆಯೇ ಇನ್ನೊಂದು ಸಾಕ್ಷ್ಯವನ್ನೂ ನುಡಿಯಿತು. ಕಿಮುರಾ ಅವರು ಅದರಲ್ಲಿ ಯುರೇನಿಯಮ್-೨೩೭ನ್ನು ಕಂಡರು. ಅದರ ಅರ್ಧಾಯು ಏಳು ದಿನಕ್ಕೂ ತುಸು ಕಡಿಮೆ. ಹಡಗು ದಡ ಸೇರುವಾಗಲೇ ಅದರಲ್ಲಿ ಕಾಲುಭಾಗ ಮಾತ್ರ ಉಳಿದಿತ್ತು. ಹತ್ತು ವಾರ ತಡಮಾಡಿದ್ದರೆ ಸಾವಿರದಲ್ಲೊಂದು ಪಾಲೂ ಉಳಿಯುತ್ತಿರಲಿಲ್ಲ. ಇದು ಭೂಮಿಯಲ್ಲಿ ಅಗೆದು ತೆಗೆಯುವ ಯುರೇನಿಯಮ್ ಅಲ್ಲ. ವಿಚಿತ್ರವೆಂದರೆ, ೧೯೪೦ರಲ್ಲಿ ಯೊಶಿಯೊ ನಿಶಿನಾ ಅವರೊಡನೆ ಕೂಡಿ ಇದೇ ಧಾತುವನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಿ ಗುರುತಿಸಿದವರಲ್ಲಿ ಈ ಕಿಮುರಾ ಅವರೂ ಒಬ್ಬರು. ಅತಿವೇಗದ ನ್ಯೂಟ್ರಾನ್ ಕಣಗಳು ಸಾಧಾರಣ ಯುರೇನಿಯಮ್-೨೩೮ಕ್ಕೆ ಬಡಿದಾಗ ಅದು ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ೧೪ ವರ್ಷಗಳ ಹಿಂದೆ ಶಾಂತವಾದ ಕೋಣೆಯಲ್ಲಿ ಪರಿಚಯವಾಗಿದ್ದುದು ಈಗ ಬೆಸ್ತರ ತಲೆಗೂದಲಿನ ಮೇಲೆ ಬಿದ್ದ ಬೂದಿಯಲ್ಲಿ ಮತ್ತೆ ಕಾಣಿಸಿತು.

ಇದರ ತಾತ್ಪರ್ಯವೇನು? ಬಾಂಬಿನ ಜಲಜನಕ ಭಾಗವನ್ನು ಯುರೇನಿಯಮ್-೨೩೮ರ ಕವಚವು ಸುತ್ತಿತ್ತು. ಮೊದಲು ವಿದಳನ, ಬಳಿಕ ಸಮ್ಮಿಲನ, ಮತ್ತೆ ಕವಚದ ವಿದಳನ. ಹೀಗೆ ಮೂರು ಹಂತಗಳಲ್ಲಿ ಅದು ಸಿಡಿದಿತ್ತು. ಜಲಜನಕ ಬಾಂಬಿನಿಂದ ವಿಷಧೂಳಿಯು ಹೆಚ್ಚಾಗಿ ಹರಡದೆಂಬ ಭಾವನೆಯಿದ್ದ ಕಾಲವದು. ನಿಶಿವಾಕಿ ಅವರಿಂದ ಈ ಅಂಕಿಗಳನ್ನು ಪಡೆದ ಜೋಸೆಫ್ ರೋಟ್‌ಬ್ಲಾಟ್ ಎಂಬ ಭೌತಶಾಸ್ತ್ರಜ್ಞರು ಲೆಕ್ಕ ಹಾಕಿ, ಸತ್ಯಸ್ಥಿತಿಯನ್ನು ೧೯೫೫ರಲ್ಲಿ ಪ್ರಕಟಿಸಿದರು. ಬಾಂಬಿನ ತಯಾರಿಕೆಯಲ್ಲಿ ತೊಡಗಿದ್ದ ಅವರು ೧೯೪೪ರಲ್ಲಿಯೇ ಮನಸ್ಸಾಕ್ಷಿಗೆ ಒಪ್ಪದೆ ಅದನ್ನು ಬಿಟ್ಟುಬಂದವರು. ೧೯೯೫ರಲ್ಲಿ ಪಗ್‌ವಾಶ್ ಸಂಸ್ಥೆಯೊಡನೆ ಶಾಂತಿಯ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದವರು. ಬಲಾಢ್ಯ ರಾಷ್ಟ್ರವೊಂದು ಬೀಗ ಹಾಕಿಟ್ಟಿದ್ದ ರಹಸ್ಯವನ್ನು ಗೂಢಚಾರರಾರೂ ಕದಿಯಲಿಲ್ಲ. ಬಡವರ ಹಡಗಿನ ಹಲಗೆಗೆ ಅಂಟಿಕೊಂಡ ಧೂಳಿಯೇ ಅದನ್ನು ಹೇಳಿತು.

ಹಡಗಿನ ರೇಡಿಯೋ ಕೆಲಸಗಾರರಾಗಿದ್ದ ಐಕಿಚಿ ಕುಬೊಯಾಮಾ ಅವರು ೧೯೫೪ರ ಸೆಪ್ಟೆಂಬರ್ ೨೩ರಂದು ತೀರಿಕೊಂಡರು. ಅವರಿಗೆ ಆಗ ೪೦ ವರ್ಷ ವಯಸ್ಸು. ಅದೇ ಬೂದಿಯು ಬಿಕಿನಿಯ ನೆರೆಯ ರೊಂಗೆಲಾಪ್ ದ್ವೀಪದವರ ಮೇಲೂ ಬಿದ್ದಿತ್ತು. ಅಲ್ಲಿಯ ಮಕ್ಕಳು ಅದರಲ್ಲಿ ಆಡಿದವು. ಆ ಜನರನ್ನು ಎರಡು ದಿನಗಳ ಬಳಿಕ ಬೇರೆಡೆಗೆ ಸಾಗಿಸಿದರು. ಅಪಾಯವಿಲ್ಲವೆಂದು ೧೯೫೭ರಲ್ಲಿ ಮರಳಿ ಕರೆತಂದರು. ೧೯೮೫ರಲ್ಲಿ ಅವರು ತಾವಾಗಿಯೇ ತಮ್ಮ ದ್ವೀಪವನ್ನು ಬಿಟ್ಟುಹೋದರು. ಅಂಕಿಗಳು ಬರಿಯ ಅಂಕಿಗಳಲ್ಲ, ಅವುಗಳ ಹಿಂದೆ ಮನೆಗಳಿರುತ್ತವೆ.

ಈ ವಾರ್ತೆಯು ನಮ್ಮ ದೇಶವನ್ನೂ ತಟ್ಟಿತು. ೧೯೫೪ರ ಏಪ್ರಿಲ್ ೨ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಇಂತಹ ಪರೀಕ್ಷೆಗಳನ್ನು ತಡೆದು ನಿಲ್ಲಿಸುವ ಒಪ್ಪಂದವಾಗಬೇಕೆಂದು ಕರೆಕೊಟ್ಟರು. ವಿಜ್ಞಾನಿ ಡಿ. ಎಸ್. ಕೊಠಾರಿ ಅವರ ನೇತೃತ್ವದಲ್ಲಿ ಅಣುಸ್ಫೋಟಗಳ ಪರಿಣಾಮವನ್ನು ವಿವರಿಸುವ ಗ್ರಂಥವು ೧೯೫೬ರಲ್ಲಿ ಭಾರತ ಸರ್ಕಾರದಿಂದಲೇ ಹೊರಬಂದಿತು. ಬಾಂಬನ್ನು ಹೊಂದಿಲ್ಲದಿದ್ದ ದೇಶವೂ ಬೂದಿಯ ಲೆಕ್ಕವನ್ನು ಕೇಳುವ ಹಕ್ಕನ್ನು ಬಿಟ್ಟುಕೊಡಲಿಲ್ಲ.

ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ನೆನಪಿಡಬೇಕಾದ ಹೆಸರೊಂದನ್ನು ಈಗ ಹೇಳುತ್ತೇವೆ. ಕತ್ಸುಕೊ ಸರುಹಾಶಿ ಎಂಬವರು ಜಪಾನಿನ ಹವಾಮಾನ ಸಂಶೋಧನಾ ಸಂಸ್ಥೆಯಲ್ಲಿ ದುಡಿಯುತ್ತಿದ್ದ ರಸಾಯನಶಾಸ್ತ್ರಜ್ಞೆ. ಹುಟ್ಟಿದುದು ೧೯೨೦ರಲ್ಲಿ. ಬೂದಿಯು ಸಮುದ್ರಕ್ಕೆ ಬಿದ್ದ ಮೇಲೆ ಎಲ್ಲಿ ಹೋಯಿತೆಂಬುದನ್ನು ತಿಳಿಯುವುದಕ್ಕಾಗಿ ಅವರು ಸಮುದ್ರದ ನೀರಿನಲ್ಲಿ ಸೀಸಿಯಮ್-೧೩೭ನ್ನು ಅಳೆದರು. ಪ್ರವಾಹಗಳು ಅದನ್ನು ಪಡುವಣಕ್ಕೆ ಒಯ್ದುದರಿಂದ, ಅಮೇರಿಕೆಯ ಕರಾವಳಿಗಿಂತ ಜಪಾನಿನ ಸುತ್ತಣ ನೀರಿನಲ್ಲಿ ಅದು ಬಹಳ ಹೆಚ್ಚಾಗಿ ಕಂಡಿತು. ಅಮೇರಿಕೆಯವರು ಇದನ್ನು ಒಪ್ಪಲಿಲ್ಲ, ಅಳತೆಯೇ ತಪ್ಪಿರಬೇಕೆಂದರು. ಆಕೆ ವಾದಕ್ಕಿಳಿಯಲಿಲ್ಲ. ೧೯೬೨ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಗೆ ಹೋಗಿ, ಅಲ್ಲಿಯ ಥಿಯೊಡೋರ್ ಫೋಲ್ಸಮ್ ಅವರೊಡನೆ ಒಂದೇ ಬಗೆಯ ನೀರನ್ನು ತಮ್ಮ ತಮ್ಮ ವಿಧಾನಗಳಿಂದ ಅಳೆಯುವ ಪರೀಕ್ಷೆಗೆ ಒಡ್ಡಿಕೊಂಡರು. ಆಕೆಯ ವಿಧಾನವು ನಿಖರವೆಂದು ಅಲ್ಲಿಯವರೇ ಒಪ್ಪಿಕೊಂಡರು. ಚಿನ್ನವನ್ನು ಒರೆಗೆ ಹಚ್ಚಿದ ಮೇಲೆ ಅಕ್ಕಸಾಲಿಗನ ಊರನ್ನು ಕೇಳುವವರಾರು? ಇಂತಹ ಅಳತೆಗಳಿಂದ ಜನಾಭಿಪ್ರಾಯವು ಬಲಗೊಂಡು, ೧೯೬೩ರಲ್ಲಿ ವಾಯುಮಂಡಲದಲ್ಲಿಯೂ ನೀರಿನೊಳಗೂ ಆಕಾಶದಾಚೆಗೂ ಅಣುಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಎಲ್ಲ ದೇಶಗಳೂ ಅದಕ್ಕೆ ಸೇರಲಿಲ್ಲ. ಗಾಳಿಯಲ್ಲಿ ನಡೆದ ಕೊನೆಯ ಪರೀಕ್ಷೆಯು ೧೯೮೦ರ ಅಕ್ಟೋಬರದಲ್ಲಿ ಚೀನದಲ್ಲಾಯಿತು.

ಬಾಂಬಿನ ಧೂಳಿಯ ಕಾಲವು ಹೀಗೆ ಹಿಂದಾಯಿತೆನ್ನುವಷ್ಟರಲ್ಲಿ ಪರಮಾಣು ವಿದ್ಯುತ್ ಸ್ಥಾವರಗಳ ಅಪಘಾತಗಳಿಂದ ಹೊಸ ಧೂಳಿಯು ಬಂದಿತು. ೧೯೮೬ರಲ್ಲಿ ಚೆರ್ನೋಬಿಲ್, ೨೦೧೧ರ ಮಾರ್ಚಿಯಲ್ಲಿ ಭೂಕಂಪ ಮತ್ತು ಸುನಾಮಿಗಳ ತರುವಾಯ ಜಪಾನಿನ ಫುಕುಶಿಮಾ. ಬಾಂಬಿನ ಧೂಳಿಗೂ ಸ್ಥಾವರದ ಧೂಳಿಗೂ ಇರುವ ಭೇದವನ್ನು ಸೀಸಿಯಮ್ ಹೇಳುತ್ತದೆ. ಸೀಸಿಯಮ್-೧೩೪ ಎಂಬುದು ಸ್ಥಾವರದೊಳಗೆ ಇಂಧನವು ತಿಂಗಳುಗಟ್ಟಲೆ ಉರಿದಾಗ ಕೂಡಿಬರುವಂತಹುದು. ಕ್ಷಣಮಾತ್ರದಲ್ಲಿ ಸಿಡಿಯುವ ಬಾಂಬಿನಲ್ಲಿ ಅದು ಹುಟ್ಟುವುದು ತೀರ ಅಪರೂಪ. ಚೆರ್ನೋಬಿಲ್‌ನಿಂದ ಹೊರಬಿದ್ದಾಗ ಅದು ಸೀಸಿಯಮ್-೧೩೭ರ ಸುಮಾರು ಅರ್ಧದಷ್ಟಿತ್ತು; ಫುಕುಶಿಮಾದಲ್ಲಿ ಸುಮಾರು ಸರಿಸಮವಾಗಿತ್ತು. ಆದುದರಿಂದ ಈ ಎರಡರ ಪ್ರಮಾಣವನ್ನು ಅಳೆದು ಧೂಳಿಯ ತವರನ್ನು ಹೇಳಬಹುದು.

ಫುಕುಶಿಮಾದಿಂದ ೧೭೦ ಕಿಲೋಮೀಟರು ದೂರದ ತ್ಸುಕುಬಾದಲ್ಲಿ, ಸರುಹಾಶಿಯವರು ಬಹುಕಾಲ ದುಡಿದ ಆ ಸಂಸ್ಥೆಯೇ ೨೦೧೧ರ ಮಾರ್ಚ್ ೧೪ ಮತ್ತು ೧೫ರಂದು ಗಾಳಿಯನ್ನು ಸೋಸುಪಟ್ಟಿಗಳಲ್ಲಿ ಹಿಡಿದಿಟ್ಟಿತು. ಅದರಲ್ಲಿ ಸಿಕ್ಕಿದ ಒಂದು ಬಗೆಯ ಕಣದ ವಿವರವು ೨೦೧೩ರಲ್ಲಿ ಪ್ರಕಟವಾಯಿತು. ಅದು ದುಂಡಗಿನ ಮಣಿ. ಅಡ್ಡಳತೆ ಒಂದು ಮಿಲಿಮೀಟರಿನ ಐನೂರರಲ್ಲೊಂದು ಪಾಲು. ನೀರಿನಲ್ಲಿ ಕರಗದು. ಮುಂದಿನ ಸಂಶೋಧನೆಗಳಲ್ಲಿ ಅದು ಗಾಜಿನಂತಹ ವಸ್ತುವೆಂದು ಗೊತ್ತಾಯಿತು. ಸಕ್ಕರೆಯೂ ಗಾಜಿನ ಮಣಿಯೂ ತೂಕದಲ್ಲಿ ಒಂದೇ ಆಗಿರಬಹುದು. ಮಳೆಗೆ ಸಕ್ಕರೆ ಕರಗಿ ಮಣ್ಣಿಗಿಳಿಯುತ್ತದೆ, ಗಾಜು ಬಿದ್ದಲ್ಲೇ ಇರುತ್ತದೆ. ಶ್ವಾಸಕೋಶಕ್ಕೆ ಹೋದರೂ ಹಾಗೆಯೇ. ಆದುದರಿಂದ ‘ಎಷ್ಟಿದೆ’ ಎಂದು ಕೇಳಿದರೆ ಸಾಲದು, ‘ಯಾವ ರೂಪದಲ್ಲಿದೆ’ ಎಂದೂ ಕೇಳಬೇಕು.

ಇಷ್ಟನ್ನು ಕೇಳಿ ಯಾರೂ ಭಯಪಡಬೇಕಾಗಿಲ್ಲ. ವಿಕಿರಣವಿರುವಲ್ಲೆಲ್ಲ ಕೇಡಿದೆಯೆಂದು ತಿಳಿಯುವುದೂ ಅಜ್ಞಾನವೇ. ನಮ್ಮೆಲ್ಲರ ಮೈಯೊಳಗೂ ಪೊಟಾಸಿಯಮ್-೪೦ ಎಂಬ ವಿಕಿರಣಶೀಲ ಧಾತುವು ಹುಟ್ಟಿನಿಂದಲೂ ಇದೆ. ನಮ್ಮದೇ ಕೇರಳದ ಕೊಲ್ಲಂ ಜಿಲ್ಲೆಯ ಚವರ ಕಡಲತೀರದ ಕರಿಮರಳಿನ ಮೋನಜೈಟಿನಲ್ಲಿ ಥೋರಿಯಮ್ ಇರುವುದರಿಂದ ಅಲ್ಲಿ ಗೈಗರ್ ಮಾಪಕವು ಹೆಚ್ಚು ಸದ್ದು ಮಾಡುತ್ತದೆ. ಅದು ಯಾರೂ ತಂದು ಸುರಿದದ್ದಲ್ಲ, ನದಿ ಕಡಲುಗಳು ಕೂಡಿಸಿದ್ದು. ಅಲ್ಲಿಯ ಕರುನಾಗಪಳ್ಳಿ ಪ್ರದೇಶದಲ್ಲಿ ದೀರ್ಘಕಾಲ ನಡೆದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ವಿಕಿರಣದಿಂದ ಅರ್ಬುದ ರೋಗವು ಹೆಚ್ಚಿದುದು ಕಂಡುಬರಲಿಲ್ಲ. ನಾಯಿ ಬೊಗಳಿದ ಮಾತ್ರಕ್ಕೆ ಬಂದವನು ಕಳ್ಳನಾಗುವುದಿಲ್ಲ; ನಾಯಿ ಬೊಗಳಲಿಲ್ಲವೆಂದು ಬಾಗಿಲು ತೆರೆದಿಟ್ಟು ಮಲಗುವುದೂ ಜಾಣತನವಲ್ಲ. ಬಂದವರು ಯಾರೆಂದು ಎದ್ದು ನೋಡಬೇಕು. ವಿಶ್ಲೇಷಣೆಯೆಂದರೆ ಇಷ್ಟೇ.

ಕಡಲಾಚೆಯ ಕಥೆಯನ್ನು ಗಡಿನಾಡಿನ ಕನ್ನಡ ಸಂಘದಲ್ಲಿ ಹೇಳಿದುದೇಕೆಂದು ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಕಾರಣವಿದೆ. ನಮ್ಮ ಬಾಲ್ಯದಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಹಾರುವ ದಿನ ನಮ್ಮ ತಾಯಿಯವರು ಬಾವಿಯ ಬಾಯಿಗೆ ಮಡಲು ಮುಚ್ಚಿ, ದನಗಳನ್ನು ಹಟ್ಟಿಯಲ್ಲಿ ಕಟ್ಟಿಹಾಕುತ್ತಿದ್ದರು. ಮಡಲಿನ ಸಂದಿಯಿಂದ ಹನಿ ಇಳಿಯದಿರುತ್ತದೆಯೇ? ಅದು ವಿಕಿರಣಶೀಲ ವಸ್ತುವಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕ. ಎಣ್ಮಕಜೆ, ಪಡ್ರೆ, ಸ್ವರ್ಗ ಮೊದಲಾದ ಕನ್ನಡ ತುಳು ಮಾತನಾಡುವ ಊರುಗಳ ಮನೆಗಳಲ್ಲಿ ಏನಾಯಿತೆಂಬುದನ್ನು ಈ ಸಭೆಗೆ ನಾವು ವಿವರಿಸಬೇಕಾಗಿಲ್ಲ. ೨೦೦೦ನೆಯ ಇಸವಿಯವರೆಗೂ ಅದನ್ನು ಆಕಾಶದಿಂದ ಸಿಂಪಡಿಸಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದನ್ನು ನಿಷೇಧಿಸಿತು. ನಡುವೆ ನೀರು, ಮಣ್ಣು, ರಕ್ತಗಳ ಪರೀಕ್ಷೆಗಳಾದವು. ಒಂದು ವರದಿ ವಿಷವಿದೆಯೆಂದಿತು, ಮತ್ತೊಂದು ಇಲ್ಲವೆಂದಿತು. ಎರಡೂ ಇಂಗ್ಲಿಷಿನಲ್ಲಿದ್ದವು. ಯಾರ ಬಾವಿಯ ನೀರನ್ನು ಕೊಂಡೊಯ್ದಿದ್ದರೋ ಅವರಿಗೆ ಅವನ್ನು ಓದಲು ಬರುತ್ತಿರಲಿಲ್ಲ. ನೀರನ್ನು ಎಷ್ಟು ದಿನಗಳ ಮೇಲೆ ತೆಗೆದರು, ಯಾವ ವಿಧಾನದಿಂದ ಅಳೆದರು, ಎಷ್ಟರಿಂದ ಕೆಳಗೆ ಆ ಯಂತ್ರಕ್ಕೆ ಕಾಣದು ಎಂದು ಕೇಳುವುದಕ್ಕೆ ಅವರಲ್ಲಿ ಮಾತುಗಳೇ ಇರಲಿಲ್ಲ. ಆಗ ಕನ್ನಡ ವಿದ್ಯಾರ್ಥಿಯಾಗಿದ್ದ ನಮ್ಮಲ್ಲಿಯೂ ಇರಲಿಲ್ಲ. ಈ ನೋವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಆದುದರಿಂದ ತಮ್ಮಲ್ಲಿ ನಮ್ಮದೊಂದು ಅರಿಕೆ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸುವುದೆಂದರೆ ಹಾಡಿಗೂ ಹಬ್ಬಕ್ಕೂ ಉಳಿಸುವುದಷ್ಟೇ ಅಲ್ಲ. ನಮ್ಮ ಬಾವಿಯ ನೀರಿನಲ್ಲಿ ಏನಿದೆ, ನಮ್ಮ ಮೇಲೆ ಬಿದ್ದುದು ಏನು ಎಂದು ಕೇಳುವುದಕ್ಕೂ, ಕೊಟ್ಟ ಉತ್ತರವನ್ನು ಪರೀಕ್ಷಿಸುವುದಕ್ಕೂ ನಮ್ಮ ನುಡಿಯು ಸಮರ್ಥವಾಗಿರಬೇಕು. ಅರ್ಧಾಯು, ವಾಹಕ, ಪ್ರಕ್ಷೇಪ, ವಿದಳನ ಎಂಬ ಮಾತುಗಳು ಪರೀಕ್ಷೆಯ ಮರುದಿನ ಮರೆಯತಕ್ಕವಲ್ಲ. ಮನೆಯಲ್ಲಿ ಅಪ್ಪ ಅಮ್ಮಂದಿರಿಗೂ ತಿಳಿದಿರತಕ್ಕವು. ಕನ್ನಡ ಮಾಧ್ಯಮದಲ್ಲಿ ಕಲಿತರೆ ವಿಜ್ಞಾನ ಹತ್ತದೆಂದು ಹೇಳುವ ಹಿರಿಯರಿಗೆ ನಾವು ಹೇಳುವುದು ಇಷ್ಟೇ: ಕಿಮುರಾ ಅವರೂ ಸರುಹಾಶಿಯವರೂ ಕಲಿತುದು ತಮ್ಮ ತಾಯ್ನುಡಿಯಾದ ಜಪಾನಿ ಭಾಷೆಯಲ್ಲಿ. ಲೋಕದ ಭಾಷೆಯನ್ನು ಲೋಕದೊಡನೆ ವಾದಿಸುವುದಕ್ಕಾಗಿ ಕಲಿತರು. ನಮ್ಮ ಮಕ್ಕಳೂ ಎರಡನ್ನೂ ಕಲಿಯಲಿ. ನಮ್ಮ ನಾಡಿನ ಕೈಗಾದಲ್ಲಿಯೂ ಸ್ಥಾವರದ ಸುತ್ತಣ ನೀರು, ಮೀನು, ಗಾಳಿಗಳನ್ನು ಅಳೆಯುವ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿದೆ. ಅಂತಹ ಕಡೆಗಳಲ್ಲಿ ಪ್ರಾಮಾಣಿಕವಾಗಿ ಎಣಿಸುವವರು ನಮ್ಮ ಶಾಲೆಗಳಿಂದಲೂ ಹೋಗಲಿ. ಅವರು ಎಣಿಸಿ ಹೇಳಿದುದನ್ನು ಓದಿ ತಿಳಿಯಬಲ್ಲವರು ನಮ್ಮ ಮನೆಗಳಲ್ಲಿಯೂ ಇರಲಿ.

ಆ ಐದನೆಯ ಭಾಗ್ಯಶಾಲಿ ಡ್ರ್ಯಾಗನ್ ಹಡಗು ಮುಪ್ಪಾದ ಮೇಲೆ ಟೋಕಿಯೋದಲ್ಲಿ ಕಸ ತುಂಬುವ ಜಾಗದಲ್ಲಿ ಅನಾಥವಾಗಿ ಬಿದ್ದಿತ್ತು. ಜನರು ಅದನ್ನು ಗುರುತಿಸಿ, ದಣಿಯದೆ ಒತ್ತಾಯಿಸಿದ ಫಲವಾಗಿ ೧೯೭೬ರಿಂದ ಅದು ಅಲ್ಲಿಯೇ ಒಂದು ಪ್ರದರ್ಶನ ಮಂದಿರದಲ್ಲಿ ನಿಂತಿದೆ. ಅದರ ಹಲಗೆಯ ಮೇಲೆ ಬಿದ್ದ ಯುರೇನಿಯಮ್-೨೩೭ ಎಂದೋ ತೀರಿಹೋಯಿತು. ಸಕಾಲದಲ್ಲಿ ಎಣಿಸಿ ಬರೆದಿಟ್ಟುದರಿಂದ ಅದರ ಸಾಕ್ಷ್ಯವು ಮಾತ್ರ ತೀರಲಿಲ್ಲ.

ನಮ್ಮ ವಿದ್ಯಾರ್ಥಿನಿ ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಉತ್ತರ ಬರಲು ತಡವಾದುದಕ್ಕೆ ಅವಳು ಕ್ಷಮಿಸಬೇಕು. ಇನ್ನೂ ಪ್ರಶ್ನೆಗಳಿದ್ದರೆ ನಾಳೆ ತರಗತಿಯಲ್ಲಿ ಕೇಳಲಿ. ತಿಳಿಯದಿದ್ದರೆ ಮತ್ತೆ ಓದಿಕೊಂಡು ಬರುತ್ತೇವೆ.